ಮುದ್ದೆ ಅಗಿದ ನಾಯಕರು

ಹಿರೀಸಾವೆಯ ರಸ್ತೆಬದಿ ಹೋಟೆಲಿನಲ್ಲಿ ಇವತ್ತು ಮಧ್ಯಾಹ್ನ ನನ್ನೆದುರು ಕೂತ ಉತ್ತರದ ಕಡೆಯ ಲಾರಿ ಡ್ರೈವರ್ ಒಬ್ಬ ರಾಗಿಮುದ್ದೆಯನ್ನು ಚಪಾತಿಯಂತೆ ಅಗಿಯುತ್ತಿದ್ದ. ಹಲ್ಲಿಗೆ ಮೆತ್ತಿಕೊಂಡು ಅವನು ಪಡುವ ಪಾಡು ನೋಡಿ ಬಡಿಸುವ ಹೆಂಗಸು ಕಿಸಕ್ಕನೆ ನಕ್ಕಳು. ಗಲ್ಲಾದಲ್ಲಿದ್ದ ಯಜಮಾನ ಗದರಿದ: "ಗಿರಾಕಿ ಮುಂದೆ ನಗ್ತಾರೇನಮ್ಮೀ?" ಮುದ್ದೆ ನುಂಗಬೇಕೆಂದು ನಮಗೆ ಯಾರೂ ಪಾಠ ಹೇಳಿಕೊಡುವುದಿಲ್ಲ ನೋಡಿ; ಅಗಿಯುವವರನ್ನು ಕಂಡರೆ ನಗು ತಾನಾಗಿ ಬರುತ್ತದೆ. ಅಂಥದೊಂದು ನಗು ನಮ್ಮ ದೊಡ್ಡಮ್ಮನ ಬಾಳನ್ನೇ ತಿಂದುಹಾಕಿತು.

ನಾನು ಹುಟ್ಟುವ ಮುಂಚಿನ ಮಾತು. ದೊಡ್ಡಪ್ಪ ಪಕ್ಷದ ಕೆಲಸವೆಂದು ಚನ್ನರಾಯಪಟ್ಟಣ, ಹಾಸನ ಅಂತ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗುತ್ತಿದ್ದರು. ಚುನಾವಣೆಗೆ ಟಿಕೆಟ್ ತಮಗೇ ಎಂದು ನಂಬಿ, ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಹೊಸ ಖಾದಿ ಜುಬ್ಬವನ್ನೂ ಹೊಲಿಸಿದ್ದರು. ಟಿಕೆಟ್ ಹಂಚುವ ಮೊದಲು ಪ್ರವಾಸ ಬಂದ ದಿಲ್ಲಿಯ ದೊಡ್ಡ ನಾಯಕರೊಬ್ಬರು ದಂಡಿಗನಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಊಟಕ್ಕೆ ಕೂತರು. ಮುದ್ದೆ, ಅವರೆಕಾಳು ಸಾರು. ನಾಯಕರು ಅಗಿದರು. ದೊಡ್ಡಮ್ಮ ನಕ್ಕುಬಿಟ್ಟರು; ಸಾಲದೆಂದು "ಅಗೀಬ್ಯಾಡಿ ಸಾಮಿ, ಇಂಗೆ ನುಂಗಿ" ಎಂದು ಎದುರು ಕೂತು ಒಂದು ತುತ್ತು ನುಂಗಿಯೂ ತೋರಿಸಿದರು.

ದೊಡ್ಡಪ್ಪನಿಗೆ ಟಿಕೆಟ್ ಸಿಗಲಿಲ್ಲ. "ಇವ್ಳ ನಗುವೇ ನನ್ ಮನೆ ಆಳ್ ಮಾಡ್ತು" ಎಂದವರು, ತಾವು ಉಣ್ಣುವಾಗ ಇನ್ನು ಹೆಂಡತಿ ಎದುರು ನಿಲ್ಲಕೂಡದೆಂದು ಕಟ್ಟಪ್ಪಣೆ ಮಾಡಿದರು. ಬಡಿಸಿ ಅಡುಗೆಮನೆ ಸೇರಬೇಕು. ನನಗೆ ಬುದ್ಧಿ ಬಂದಾಗಿನಿಂದ ಕಂಡಿದ್ದು, ದೊಡ್ಡಮ್ಮ ನಕ್ಕರೆ ಸೆರಗು ಬಾಯಿಗೆ ಬರುತ್ತಿತ್ತು. ಅವರ ಹಲ್ಲು ಹೇಗಿದ್ದವೆಂದು ಇಂದಿಗೂ ಹೇಳಲಾರೆ. ಇದು ಅನ್ಯಾಯ ಎನ್ನುವ ಧೈರ್ಯ ನನಗೆಲ್ಲಿತ್ತು? ದೊಡ್ಡಪ್ಪನ ಪಕ್ಕ ಕೂತು ಚೆನ್ನಾಗಿ ಉಂಡವನೇ ನಾನೂ.

ದೊಡ್ಡಮ್ಮ ತೀರಿಕೊಂಡು ಎರಡು ವರ್ಷವಾಯಿತು. ಹೋದ ಭಾನುವಾರ ದೊಡ್ಡಪ್ಪನನ್ನು ನೋಡಲು ಹೋದಾಗ ಟೀವಿಯಲ್ಲಿ ಅದೇ ನಾಯಕರ ಸಂದರ್ಶನ ಬರುತ್ತಿತ್ತು. ರಾಜಕೀಯ ಬಿಟ್ಟು ಎಷ್ಟೋ ಕಾಲವಾಗಿ, ನಾಯಕರು ಮುದುಡಿ ಕೂತಿದ್ದರು. ಮರೆಯಲಾಗದ ದಿನ ಯಾವುದು ಎಂದು ಸಂದರ್ಶಕ ಕೇಳಿದ. ಅವರು ಹಿಂದಿಯಲ್ಲಿ ಹೇಳಿದ್ದನ್ನು, ಪರದೆಯ ಕೆಳಗೆ ಬರುತ್ತಿದ್ದ ಕನ್ನಡ ಅಕ್ಷರ ನೋಡಿ ನಾನು ದೊಡ್ಡಪ್ಪನಿಗೆ ಓದಿದೆ. "ದಕ್ಷಿಣದ ಒಂದು ಹಳ್ಳಿಯಲ್ಲಿ ಒಬ್ಬ ತಾಯಿ ನಾನು ಉಣ್ಣುವುದನ್ನು ನೋಡಿ ನಕ್ಕರು, ನುಂಗುವುದನ್ನು ಕಲಿಸಿದರು. ಆಮೇಲೆ ನನ್ನೆದುರು ಯಾರೂ ಹಾಗೆ ಭಯವಿಲ್ಲದೆ ನಗಲಿಲ್ಲ. ಆ ಮನೆ ಯಜಮಾನರು ಯಾರೋ, ನೆನಪಿಲ್ಲ."

ದೊಡ್ಡಪ್ಪ, "ಅದು ಮೊಬೈಲ್‌ನಲ್ಲೂ ಬತ್ತದೇನ್ಲಾ?" ಎಂದರು. ಹುಡುಕಿ ಕೊಟ್ಟೆ. ಅದನ್ನು ಹಿಡಿದು ಅಡುಗೆಮನೆಗೆ ಹೋಗಿ ಒಲೆಯ ಪಕ್ಕ ಇಟ್ಟರು. ಯಾರೂ ಇಲ್ಲದ ಅಡುಗೆಮನೆಯಲ್ಲಿ ನಾಯಕರು ಮತ್ತೊಮ್ಮೆ ಮಾತಾಡಿದರು. ದೊಡ್ಡಪ್ಪ ನನ್ನ ಕಡೆ ತಿರುಗಿ, "ಅವ್ಳಿಗೆ ಇಂದಿ ಬರಾಕಿಲ್ಲ ಕಣ್ಲಾ. ನೀನೇ ಕನ್ನಡ್ದಲ್ಲಿ ಏಳು" ಎಂದರು.

ನನ್ನಿಂದ ಆಗಲಿಲ್ಲ.

ಹೋಟೆಲಿನಲ್ಲಿ ಡ್ರೈವರ್ ಎರಡನೇ ತುತ್ತನ್ನೂ ಅಗಿದ. ಹೆಂಗಸಿಗೆ ಮತ್ತೆ ನಗು ಉಕ್ಕಿತು, ಯಜಮಾನ ಮತ್ತೆ ಬಾಯಿ ತೆರೆದ. "ನಗ್ಲಿ ಬಿಡ್ರಿ!" ಎಂದೆ. ದನಿ ಬೇಕಾದ್ದಕ್ಕಿಂತ ಜೋರಾಯಿತು. ಅವಳು ಬೆಚ್ಚಿ, ನಗು ನಿಲ್ಲಿಸಿ, ಒಳಗೆ ಹೋದಳು.