ಬಬಲೇಶ್ವರ ದಾರಿಯ ಬಾವಿ ಮತ್ತು ಹಸಿರು ಹರಳು

ತಿಕೋಟಾ ಸುತ್ತಮುತ್ತ ಬಾವಿ ತೋಡಿಸುವವರು ಮೊದಲು ಹುಡುಕುತ್ತಿದ್ದುದು ಶಿವಯೋಗೆಪ್ಪನನ್ನು. ಕರಿಬಂಡೆ ಒಡೆಯುವುದರಲ್ಲೇ ಅವನ ಅರ್ಧ ಆಯುಷ್ಯ ಕಳೆದಿತ್ತು. ಬಂಡೆಯ ಪೊಟರೆಯಲ್ಲಿ ಬಿಳಿ ಹರಳಿನ ಗೊಂಚಲು ಸಿಕ್ಕರೆ ಹಳೆಯ ಸೀರೆಯಲ್ಲಿ ಸುತ್ತಿಡುತ್ತಿದ್ದ. ವಿಜಯಪುರದ ರಿಯಾಜ ಬಂದು ಅವನ್ನು ಕೊಂಡು, ಹರಳು ಸಂಗ್ರಹಿಸುವ ಹವ್ಯಾಸದವರಿಗೆ ಮಾರುತ್ತಿದ್ದ.

ಒಂದು ಬೆಳಿಗ್ಗೆ ರಿಯಾಜನ ಫೋನು ಬಂತು. ಜಲನಗರದ ಪರಮೇಶ್ವರ ಎಂಬ ನಿವೃತ್ತ ಮಾಸ್ತರರು ತನ್ನಿಂದ ಹಸಿರು ಹರಳು ಕೊಂಡಿದ್ದಾರೆ, ಅದು ಸಿಕ್ಕ ಜಾಗ ನೋಡಲು ಬರುತ್ತಾರೆ, ನಿನ್ನ ಬಾವಿಯದೇ ಅಂತ ಒಂದು ಮಾತು ಹೇಳಿಬಿಡು ಅಂದ. ಶಿವಯೋಗೆಪ್ಪ ಹೂಂ ಅಂದ.

ಆಗ ಅವನು ಬಬಲೇಶ್ವರ ದಾರಿಯ ಹೊಲವೊಂದರಲ್ಲಿ ಬಾವಿ ತೋಡುತ್ತಿದ್ದ. ಮಾಸ್ತರರು ಅಲ್ಲಿಗೇ ಬಂದು ಕರವಸ್ತ್ರ ಬಿಚ್ಚಿ ಹಸಿರು ಹರಳನ್ನು ತೋರಿಸಿದರು. ಅಂಥ ಬಣ್ಣದ ಕಲ್ಲನ್ನು ಶಿವಯೋಗೆಪ್ಪ ಯಾವ ಬಾವಿಯಲ್ಲೂ ಕಂಡಿರಲಿಲ್ಲ. ಆದರೂ ಇಲ್ಲೇ ಸಿಕ್ಕಿದ್ದೆಂದು ಬಾವಿಯ ತಳದ ಕಡೆ ಬೆರಳು ಮಾಡಿದ. ಮೇಲಿಂದ ನೋಡಿ ಹೋಗುತ್ತಾರೆ ಅಂದುಕೊಂಡಿದ್ದ. ಮಾಸ್ತರರು ಚಪ್ಪಲಿ ಬಿಟ್ಟು ಕಬ್ಬಿಣದ ಏಣಿಗೆ ಕಾಲಿಟ್ಟರು. ಬೇಡವೆಂದರೂ ಕೇಳಲಿಲ್ಲ, ಆ ಜಾಗದ ಫೋಟೊ ಹರಳಿನ ಪಕ್ಕದಲ್ಲಿಡಬೇಕಂತೆ.

ಏಣಿ ಒದ್ದೆಯಾಗಿತ್ತು. ಶಿವಯೋಗೆಪ್ಪ ಅದರ ತುದಿಯನ್ನು ಎರಡೂ ಕೈಯಿಂದ ಅವುಚಿ ಹಿಡಿದ. ನಡುಮಧ್ಯೆ ಮಾಸ್ತರರ ಕಾಲು ಜಾರಿತು. ಏಣಿ ಬಂಡೆಗೆ ಉಜ್ಜಿ ವಾಲಿತು. ಅವರು ಒಂದೇ ಕೈಯಲ್ಲಿ ಜೋತುಬಿದ್ದರು. ತಾನಾಡಿದ ಸುಳ್ಳಿಗೆ ಒಂದು ಜೀವ ಹೋಗುತ್ತದೆ ಅನ್ನಿಸಿ ಶಿವಯೋಗೆಪ್ಪ ಕೂಗಿದ.

"ಸರ್ರ, ಗಟ್ಟಿ ಹಿಡಕೋರಿ. ಕೆಳಗ ಇಳೀಬ್ಯಾಡ್ರಿ. ಆ ಕಲ್ಲ ಈ ಬಾವ್ಯಾಗ ಸಿಕ್ಕಿದ್ದಲ್ಲ."

ಮಾಸ್ತರರು ತಲೆಯೆತ್ತಿ ನೋಡಿದರು. ಕಾಲಿನಿಂದ ಮೆಟ್ಟಿಲು ತಡಕಿ, ಒಂದೊಂದಾಗಿ ಹತ್ತಿ ಬಂದರು. ಅವನು ರಟ್ಟೆ ಹಿಡಿದು ಮೇಲೆಳೆದುಕೊಂಡ. ಮಾಸ್ತರರು ಕಲ್ಲುಗುಡ್ಡೆಯ ಮೇಲೆ ಕೂತು, ಕಿಸೆಯಿಂದ ಭೂತಗನ್ನಡಿ ತೆಗೆದು ಹರಳನ್ನು ಬಿಸಿಲಿಗೆ ಹಿಡಿದರು. ಒಳಗೆ ಗಾಜಿನಲ್ಲಿರುವಂಥ ಸಣ್ಣ ದುಂಡನೆಯ ಗುಳ್ಳೆಗಳಿದ್ದವು.

"ಕಾಜು," ಅಂದರು. "ಈ ಗುಳ್ಳಿ ಮನ್ಯಾಗೂ ನೋಡಿದ್ದೆ. ನಂಬಾಕ ಮನಸ್ಸ ಬರಲಿಲ್ಲ."

ರಿಯಾಜ ಹೇಳಿಕೊಟ್ಟನೇ ಎಂದು ಕೇಳಿದರು.

"ಹೌದ್ರಿ. ನಾನೂ ಹೂಂ ಅಂದಿದ್ದೆ."

ಅವರು ಸ್ಕೂಟರ್ ಹತ್ತಿ ಹಿಂದಿರುಗಿ ನೋಡದೆ ಹೋದರು. ಶಿವಯೋಗೆಪ್ಪ ಆ ದಿನ ಸುತ್ತಿಗೆ ಎತ್ತಲಿಲ್ಲ. ರಿಯಾಜನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದ. ತನಗೂ ಯಾರೋ ಹರಳೆಂದೇ ಕೊಟ್ಟಿದ್ದರು, ಅದು ಸಿಕ್ಕ ಊರಿನ ಹೆಸರಷ್ಟೇ ಸುಳ್ಳು ಹೇಳಿದ್ದು ಎಂದು ರಿಯಾಜ ಆಣೆ ಮಾಡಿದ. ಅದು ನಿಜವೋ ಅಲ್ಲವೋ ಶಿವಯೋಗೆಪ್ಪನಿಗೆ ತಿಳಿಯಲಿಲ್ಲ.

ರಿಯಾಜ ಮತ್ತೆ ತಿಕೋಟಾಕ್ಕೆ ಬರಲಿಲ್ಲ. ಈಗ ಇಟ್ಟಂಗಿಹಾಳದ ಕಡೆ ಹರಳು ಕೊಳ್ಳುತ್ತಾನೆಂದು ಸುದ್ದಿ. ಕೊಳ್ಳುವವರಿಲ್ಲದೆ ಬಿಳಿ ಹರಳುಗಳು ಶಿವಯೋಗೆಪ್ಪನ ದನದ ಕೊಟ್ಟಿಗೆಯ ಮೂಲೆಯಲ್ಲಿ ರಾಶಿ ಬಿದ್ದವು. ಅವನ್ನೇನು ಮಾಡುವುದೆಂದು ಹೆಂಡತಿ ಲಕ್ಕವ್ವ ಕೇಳಿದಾಗ, ಇರಲಿ ಬಿಡು, ಇವಂತೂ ನಾನು ತೋಡಿದ ಬಾವಿಗಳಲ್ಲೇ ಸಿಕ್ಕವು ಅಂದ.