ಹಸಿದು ಹೋದ ಕೌದಿ

ಇಮಾಮಬೀ ಹೆದರುವ ಹೆಂಗಸಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಖಾನಾಪುರದಾಚೆ ಡಾಂಬರು ಮುಗಿದ ಮೇಲೂ ನಾಲ್ಕು ಮೈಲು ಒಳಗಿರುವ ಊರಲ್ಲಿ ಹುಟ್ಟಿದವಳು. ಹಿತ್ತಲಿಗೆ ಬಂದ ಕರಡಿಯನ್ನು ತಾಟು ಬಡಿದು ಓಡಿಸಿದವಳು. ಮದುವೆಯಾಗಿ ಖಾನಾಪುರ ಪೇಟೆಗೆ ಬಂದು, ಗಂಡ ತೀರಿದ ಮೇಲೆ ಹಳೇ ಸೀರೆ, ಲುಂಗಿಗಳಿಂದ ಕೌದಿ ಹೊಲಿದೇ ಮಗಳು ಶೈಸ್ತಾಳನ್ನು ಬೆಳೆಸಿದಳು. ಅವಳ ಕೌದಿ ಹೊದ್ದು ಮಲಗದ ಕೂಸು ಆ ಓಣಿಯಲ್ಲಿಲ್ಲ.

ಅಂಥವಳು ಹೋದ ಚಳಿಗಾಲದ ಒಂದು ಮುಂಜಾನೆ ಸೆರಗಿನ ಗಂಟು ಬಿಚ್ಚಿದವಳೇ ಹೆದರಿಬಿಟ್ಟಳು. ಗಂಟಿನೊಳಗೆ ಒಣಗಿ ಸೆಟೆದ ಒಂದು ರೊಟ್ಟಿಚೂರು.

ಅದು ಇರಬೇಕಾದದ್ದು ಕೌದಿಯೊಳಗೆ. ಕೌದಿಯ ಕೊನೆಯ ಮೂಲೆಯನ್ನು ಬರಿದೇ ಮುಚ್ಚುವುದುಂಟೇ? ಒಂದು ತುತ್ತು ರೊಟ್ಟಿ ಇಟ್ಟೇ ಹೊಲಿಯಬೇಕು. ಹಸಿದು ಹೋದ ಕೌದಿ ಹೊಲಿದವಳ ಮನೆಯಿಂದಲೇ ತನ್ನ ತುತ್ತು ಎತ್ತುತ್ತದೆ ಎನ್ನುತ್ತಿದ್ದಳು ಅವಳ ಅಜ್ಜಿ. ಮನೆಯಲ್ಲೋ, ಹೆರಿಗೆಗೆ ಬಂದ ತುಂಬು ಬಸುರಿ ಮಗಳು.

ಆ ಕೌದಿ ಹೊದೆಯುವುದಕ್ಕಲ್ಲ, ನೋಡುವುದಕ್ಕೆ. ಬೆಳಗಾವಿಯ ಹಿಂದವಾಡಿಯಲ್ಲಿ ಐಶ್ವರ್ಯಾ ಎಂಬ ಕಲಾವಿದೆ. ಯಾರ ಕಣ್ಣಿಗೂ ಬೀಳದ ಖಾನಾಪುರದ ಒಳಕಾಡಿನ ಊರುಗಳನ್ನು ಗೋಡೆಯ ಮೇಲೆ ತೋರಿಸಬೇಕೆಂದು ಹನ್ನೆರಡು ಅಡಿಯ ಕೌದಿ ಹೊಲಿಸಿದ್ದಳು: ಹಳ್ಳಕ್ಕೆ ನೀಲಿ, ಊರಿಗೆ ಕೆಂಪು, ಬಸ್ಸು ಹೋಗದ ಕಡೆಗೆಲ್ಲ ಕಪ್ಪು.

"ಬಸ್ ಹೋಗದ್ದಕ್ಕೆಲ್ಲಾ ಕರೀ ಹಚ್ಚಿದ್ರ ಇದು ಕೌದಿ ಅಲ್ಲ, ಬುರ್ಖಾ ಆಗ್ತೈತಿ ತಂಗಿ," ಎಂದು ಇಮಾಮಬೀ ನಕ್ಕಿದ್ದಳು.

ಕೊನೆಯ ದಿನ, ಕೌದಿಯನ್ನು ಬೆಳಗಾವಿಯ ಟಿಳಕವಾಡಿಯ ಚಿತ್ರಪ್ರದರ್ಶನಕ್ಕೆ ಒಯ್ಯಲು ಬಂದ ಟೆಂಪೊ ಬಾಗಿಲಲ್ಲಿ ಹಾರನ್ ಹೊಡೆಯುತ್ತಿತ್ತು. ಆ ಗಡಿಬಿಡಿಯಲ್ಲಿ, ಸೆರಗಿಗೆ ಕಟ್ಟಿಕೊಂಡ ತುತ್ತು ಸೆರಗಿನಲ್ಲೇ ಉಳಿದು, ಮೂಲೆ ಬರಿದೇ ಮುಚ್ಚಿಹೋಗಿತ್ತು.

ಗಂಟು ಹಿಡಿದು ನಿಂತಿರುವಾಗಲೇ ಒಳಗಿನಿಂದ ಶೈಸ್ತಾ ಕೂಗಿದಳು: "ಅಮ್ಮಿ, ನಿನ್ನೆ ಸಂಜಿಂದ ಕೂಸು ಹೊರಳೇ ಇಲ್ಲ."

ಇಮಾಮಬೀ ಒಲೆಯ ಮೇಲಿದ್ದ ರೊಟ್ಟಿಯನ್ನು ಬಟ್ಟೆಗೆ ಸುತ್ತಿದಳು. ಅಳಿಯ ಫರಾಜ ಬೆಳಗಾವಿಯ ಬಸ್ಸಿನಲ್ಲಿ ಸೀಟು ಹಿಡಿದ. ದಾರಿಯುದ್ದಕ್ಕೂ ತಾಯಿ "ಈಗ?" ಎನ್ನುವಳು, ಮಗಳು ತಲೆ ಅಲ್ಲಾಡಿಸುವಳು. ಟಿಳಕವಾಡಿ ಬಂದದ್ದೇ ಇಮಾಮಬೀ ಎದ್ದು ನಿಂತಳು.

"ನೀವು ದವಾಖಾನಿಗೆ ನಡೀರಿ. ನಾ ಕೌದಿ ಮೂಲಿ ಹೊಲದು ಹಿಂದಿಂದ ಬಂದೆ."

"ಮಗಳಕಿಂತ ಕೌದಿ ಹೆಚ್ಚಾತೇನ್ರಿ ಅತ್ತಿ?" ಫರಾಜ ಬಸ್ಸಿಗೆ ಬಸ್ಸೇ ತಿರುಗಿ ನೋಡುವಂತೆ ಕೂಗಿದ.

ಇಮಾಮಬೀ ಆಗಲೇ ಇಳಿದಾಗಿತ್ತು. ಕೇಳುತ್ತಾ ಕೇಳುತ್ತಾ ಚಿತ್ರಪ್ರದರ್ಶನದ ಹಾಲ್ ಮುಟ್ಟಿದಳು. ಬಿಳೀ ಗೋಡೆಯ ತುಂಬ ಅವಳದೇ ಕೌದಿ. ಕೈ ಚಾಚಿದಳೋ ಇಲ್ಲವೋ, ಕಾವಲುಗಾರ ಗಜಾನನ ಅಡ್ಡ ಬಂದ.

"ಮುಟ್ಟಬ್ಯಾಡ್ರಿ ಆಯಿ!"

"ನಾನಽ ಹೊಲದದ್ದಪಾ ಇದು!"

"ಇಲ್ಲಿಗೆ ಬಂದ ಮ್ಯಾಲೆ ಹೊಲದವ್ರೂ ಮುಟ್ಟಂಗಿಲ್ರಿ."

ಗದ್ದಲ ಕೇಳಿ ಐಶ್ವರ್ಯಾ ಬಂದಳು. ಇಮಾಮಬೀ ಬೆರಳು ತೋರಿಸಿದ ಕೊನೆಯ ಮೂಲೆಯ ಮೇಲೆ ಈಗ ಬಿಳೀ ಬಟ್ಟೆಯ ಪಟ್ಟಿಯೊಂದು ಕೂತಿತ್ತು.

"ಅಲ್ಲೇನು ಬರದೈತಿ?"

"ಚಾಚಿ, ಅದು ನನ್ನ ಹೆಸರು," ಎಂದಳು ಐಶ್ವರ್ಯಾ.

"ತುತ್ತಿನ ಜಾಗಾದಾಗ ಹೆಸರು ಕುಂತೈತಲ್ಲ! ಒಳಗ ರೊಟ್ಟಿ ಇಡೂದು ಮರತೇನಿ. ಬಿಚ್ಚು ತಂಗಿ, ಲಗೂ ಬಿಚ್ಚು."

"ಸಂಜಿಗೆ ಇದು ಮುಂಬೈ ಪ್ರದರ್ಶನಕ್ಕ ಹೊಂಟೈತಿ. ಒಳಗ ರೊಟ್ಟಿ ಇಟ್ರ ಹುಳ ಆಗ್ತಾವ, ಅಲ್ಲಿಯವರು ವಾಪಸ್ ಕಳಸ್ತಾರ."

"ಕೌದಿ ಹಸದೈತಿ. ನನ್ನ ಶೈಸ್ತಾನ ಕೂಸು ಹೊಟ್ಯಾಗ ಹೊರಳವಲ್ದು," ಎಂದಳು ಇಮಾಮಬೀ. ರೊಟ್ಟಿಯ ಗಂಟನ್ನು ಚಾಚಿ ನಿಂತಳು.

ಐಶ್ವರ್ಯಾ ಒಮ್ಮೆ ಪಟ್ಟಿಯತ್ತ, ಒಮ್ಮೆ ಚಾಚಿದ ಆ ಕೈಗಳತ್ತ ನೋಡಿದಳು. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ನಾ ಹೇಳಬೇಕು. ಹೇಳಾಕ ಧೈರ್ಯ ಆಗವಲ್ದು," ಎಂದವಳು ತಾನೇ ಕತ್ತರಿ ತಂದು ಪಟ್ಟಿಯ ಹೊಲಿಗೆ ಬಿಚ್ಚಿದಳು. ಸೂಜಿಗೆ ದಾರ ಪೋಣಿಸಿದವಳೂ ಅವಳೇ. ಐವತ್ತು ವರ್ಷ ಸೂಜಿ ಹಿಡಿದ ಇಮಾಮಬೀಗೆ ಅಂದು ಸೂಜಿಯ ಕಣ್ಣು ಕಾಣಲಿಲ್ಲ.

ತುತ್ತು ಇಟ್ಟು ಮೂಲೆ ಮುಚ್ಚಿ, ಉಳಿದ ರೊಟ್ಟಿ ಕಟ್ಟಿಕೊಂಡು ದವಾಖಾನೆಗೆ ಓಡಿದಳು. ಶೈಸ್ತಾ ಎಡಮಗ್ಗುಲಾಗಿ ಮಲಗಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ನರ್ಸ್ ಮಾಯಕ್ಕ ಫರಾಜನನ್ನು ಬೈಯುತ್ತಿದ್ದಳು.

"ಎದಿಬಡಿತ ಕೇಳಸ್ತೈತಿ, ಆದ್ರ ಕೂಸು ಅಲಗವಲ್ದು. ಮುಂಜಾನಿಂದ ಈಕಿ ಹೊಟ್ಟಿಗೆ ಏನರ ಹಾಕ್ಯಾಳೇನು? ತಾಯಿ ಬರೀ ಹೆದರಿಕಿ ತಿಂದ್ರ ಕೂಸಿಗೇನು ಸಿಗ್ತೈತಿ? ತಿನ್ನಸ್ರಿ, ಮತ್ತ ನೋಡೂಣು."

ಇಮಾಮಬೀ ಬಟ್ಟೆ ಬಿಚ್ಚಿ, ರೊಟ್ಟಿ ಮುರಿದು ಮಗಳ ಬಾಯಿಗಿಟ್ಟಳು. ಒಂದು ಕೈ ಹೊಟ್ಟೆಯ ಮೇಲೆ. ಒಂದು ತುತ್ತು ಇಳಿಯಿತು. ಎರಡನೆಯದೂ ಇಳಿಯಿತು. ಅಂಗೈಯಡಿ ಏನೂ ಇಲ್ಲ. ಉಳಿದ ರೊಟ್ಟಿಯೂ ಮುಗಿಯಿತು. ಮಾಯಕ್ಕ ಎರಡು ಸಲ ಬಂದು ನೋಡಿ ಹೋದಳು.

ಆಮೇಲೆ ಶೈಸ್ತಾ ಉಸಿರು ಬಿಗಿಹಿಡಿದಳು. "ಅಮ್ಮಿ, ಕೈ ತಗೀಬ್ಯಾಡ."

ಅಂಗೈಗೆ ಒಳಗಿನಿಂದ ಒಂದು ಸಣ್ಣ ಗುದ್ದು ಬಿತ್ತು.

ಫರಾಜ ಅಳುತ್ತಲೇ ನಕ್ಕ. ಇಮಾಮಬೀ ನಗಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಇನ್ನೊಂದು ಗುದ್ದಿಗೆ ಕಾಯುತ್ತಾ ಕೂತಳು.