ಆಯಿ ಅರ್ಗಾ ದಾಟುವ ತನಕ

ನಾನು ಬೆಳಿಗ್ಗೆ ನಾಲ್ಕೂ ಮುಕ್ಕಾಲಿಗೆ ಏಳುತ್ತೇನೆ. ಐದೂವರೆಗೆ ಕಡಲ ದಂಡೆಯ ಮೇಲಿರುತ್ತೇನೆ. ಆರೂವರೆಗೆ ಚಹಾ. ಅಂಕೋಲೆಯ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ಇಡೀ ನೌಕರಿ ವಾರ್ಡನ್ ಆಗಿಯೇ ಕಳೆದವಳಿಗೆ ಬೇರೆ ಥರ ಬದುಕಲು ಬರುವುದಿಲ್ಲ. ನಿವೃತ್ತಳಾಗಿ ಕಾರವಾರಕ್ಕೆ ಬಂದ ಮೇಲೆ ದಿನಚರಿಗೆ ಒಂದೇ ಒಂದು ಹೊಸ ಸಂಗತಿ ಸೇರಿದೆ. ಸಂಜೆ ಏಳರಿಂದ ಏಳೂ ಇಪ್ಪತ್ತರವರೆಗೆ ಮೊಬೈಲಿನಲ್ಲಿ ಅವಳ ಹಾಡು.

ಅವಳು ನನ್ನ ಹಾಸ್ಟೆಲಿನ ಹುಡುಗಿ. ಘಟ್ಟದ ಕಾಡಿನೊಳಗಿನ ಒಂದು ಸಿದ್ದಿ ಕೇರಿಯವಳು. ಅವಳ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದಿದ್ದರು, ಕೇಳದೆ. ಅವಳು ಯುರೋಪಿಗೆ ವಿಮಾನದಲ್ಲಿ ಹೋದಳು, ಅಲ್ಲಿಯವರೇ ಕರೆದ ಮೇಲೆ. ಅವಳ ಕೇರಿಯಿಂದ ಹೀಗೆ ಹೊರದೇಶದ ವೇದಿಕೆ ಹತ್ತಿದವರಲ್ಲಿ ಅವಳೇ ಮೊದಲನೆಯವಳು. ಈಗ ಅಲ್ಲಿ ಅವಳ ಕಾರ್ಯಕ್ರಮವೆಂದರೆ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಒಂದು ವಿಡಿಯೊದಲ್ಲಿ ಬೆಳ್ಳಗಿನ ಮುದುಕರೊಬ್ಬರು ಕೋಲು ಬದಿಗಿಟ್ಟು ಕುಣಿಯುವುದನ್ನು ನಾನೇ ನೋಡಿದ್ದೇನೆ.

ಹಾಸ್ಟೆಲಿನಲ್ಲಿ ಅವಳು ನನಗೆ ಅತಿ ಹೆಚ್ಚು ತಲೆನೋವು ಕೊಟ್ಟವಳು. ರಾತ್ರಿ ಓದುವ ಹೊತ್ತಿಗೆ ಉಸಿರಿನ ಸದ್ದೂ ಇರಬಾರದು ಎಂಬುದು ನನ್ನ ನಿಯಮ. ಅವಳು ಗಣಿತದ ಪುಸ್ತಕ ತೆರೆದು, ಅದರ ರಟ್ಟಿನ ಮೇಲೆ ಬೆರಳಿನಲ್ಲಿ ದಮಾಮಿ ಬಾರಿಸುತ್ತಿದ್ದಳು. ದಮಾಮಿ ಅವರ ಕೇರಿಯ ಚರ್ಮದ ವಾದ್ಯ. ಅದರ ಸುತ್ತ ಹೆಂಗಸರು ಕುಣಿಯುತ್ತಾರೆ. ನಾನು ಹೊರಗೆ ನಿಲ್ಲಿಸಿದರೆ ಹೊರಗಿನ ಕಂಬದ ಮೇಲೆ ಬಾರಿಸುತ್ತಿದ್ದಳು.

ಅವಳ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ. ಒಂದು ವರ್ಷದ ವಾರ್ಷಿಕೋತ್ಸವಕ್ಕೆ ಅವಳ ಹಾಡು ಇತ್ತು. ಆಯಿ ಬರುತ್ತಾಳೆ, ಹತ್ತು ನಿಮಿಷ ತಡೆಯಿರಿ ಎಂದು ಬೇಡಿಕೊಂಡಳು. ಪಟ್ಟಿಯಲ್ಲಿ ಬರೆದದ್ದು ಬರೆದದ್ದೇ ಎಂದೆ ನಾನು. ಅವಳು ಹಾಡಿ ಇಳಿದ ಮೇಲೆ ಆಯಿ ಗೇಟಿನೊಳಗೆ ಬಂದಳು, ಕಾಡಿನಲ್ಲಿ ನಡೆದು ಕಾಲೆಲ್ಲ ಕೆಂಪು ಮಣ್ಣು. ಆ ತಾಯಿ ನನಗೆ ಕೈ ಮುಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಹೋದ ಡಿಸೆಂಬರಿನಲ್ಲಿ ಅವಳು ಊರಿಗೆ ಬಂದಳು. ನಮ್ಮ ಮಹಿಳಾ ಸಂಘದವರು ಕಡಲ ದಂಡೆಯ ಪೆಂಡಾಲಿನಲ್ಲಿ ನಡೆಯುವ ವಾರ್ಷಿಕ ಕಾರ್ಯಕ್ರಮಕ್ಕೆ ಅವಳನ್ನು ಕರೆದರು. ಕಾರವಾರದಲ್ಲಿ ಯಾವ ಸಭೆಯಾದರೂ ಸಮಯ ನೋಡುವ ಕೆಲಸ ನನ್ನದು. ಮೇಜಿನ ಮೇಲೆ ಹಿತ್ತಾಳೆಯ ಗಂಟೆ ಇಟ್ಟುಕೊಂಡು ಕೂರುತ್ತೇನೆ. ಭಾಷಣಕ್ಕೆ ಹತ್ತು ನಿಮಿಷ. ಎಂಟಕ್ಕೆ ಒಂದು ಸಲ ಬಾರಿಸುತ್ತೇನೆ, ಹತ್ತಕ್ಕೆ ಎರಡು ಸಲ. ಆಮೇಲೂ ನಿಲ್ಲಿಸದಿದ್ದರೆ ನಿಲ್ಲಿಸುವವರೆಗೆ. ಊರಿನ ಹಿರಿಯ ಭಾಷಣಕಾರರೊಬ್ಬರನ್ನು ಪ್ರತಿ ವರ್ಷವೂ ವಾಕ್ಯದ ನಡುವೆಯೇ ಕೂರಿಸಿದ್ದೇನೆ. "ಈ ಅಕ್ಕೋರ ಗಂಟೆಗೆ ಯಮನೂ ಕೋಣ ಬಿಟ್ಟು ಓಡ್ತಾನೆ" ಎಂದು ಅವರು ಹೇಳುತ್ತಾ ತಿರುಗುತ್ತಾರೆ. ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರೇ. ವಾರ್ಡನ್ ಆಗಿದ್ದ ನನಗೂ ಅದೇ ಹೆಸರು.

ಐದಕ್ಕೆ ಅವಳ ಹಾಡು, ಐದೂ ನಲವತ್ತಕ್ಕೆ ಆ ಹಿರಿಯರ ಭಾಷಣ, ಅಲ್ಲಿಗೆ ಮುಕ್ತಾಯ. ಪಟ್ಟಿ ಬರೆದವಳೂ ನಾನೇ. ಆರೂವರೆಗೆ ಅವಳು ಗೋವಾದ ವಿಮಾನ ನಿಲ್ದಾಣಕ್ಕೆ ಹೊರಡಬೇಕಿತ್ತು.

ಅವಳು ನಾಲ್ಕೂವರೆಗೇ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಹಸಿರು ಸೀರೆ, ಗುಂಗುರು ಕೂದಲಿಗೆ ಅಬ್ಬಲಿಗೆ ಹೂವಿನ ದಂಡೆ.

"ಇಷ್ಟು ಬೇಗ?" ಎಂದೆ.

"ಅಲ್ಲೂ ಹೀಂಗೇ ಅಕ್ಕೋರೇ. ಅರ್ಧ ತಾಸು ಮೊದಲೇ ಹೋಗಿ ಕೂರ್ತೆ. ಎಲ್ಲಿ ಕಲಿತೆ ಅಂತ ಕೇಳ್ತಾರೆ. ನಮ್ಮ ಹಾಸ್ಟೆಲಿನಲ್ಲಿ ಒಂದು ಹುಲಿ ಇತ್ತು ಅಂತ ಹೇಳ್ತೆ."

ಬೆಳಿಗ್ಗೆ ಅಂಕೋಲೆಯಿಂದ ಬರುವಾಗ ಬಸ್ಸಿನಲ್ಲಿ ಆದದ್ದನ್ನೂ ಹೇಳಿದಳು. ಮುದುಕರೊಬ್ಬರು ಹರಕು ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳಿದರಂತೆ. "ಅಂಕೋಲೆ, ಅಜ್ಜಾ. ನೀವು ಯಾವ ದೇಶದವರು?" ಎಂದಳಂತೆ ಇವಳು. ಅಜ್ಜ ಇಳಿಯುವವರೆಗೂ ಕಿಟಕಿಯ ಹೊರಗೇ ನೋಡಿದರು. "ನಾನು ಭಾರತದವಳು ಅಂದ್ರೆ ಅಲ್ಲೂ ನಂಬೂದಿಲ್ಲ, ಇಲ್ಲೂ ನಂಬೂದಿಲ್ಲ. ಹಾಡಿದ ಮೇಲೆ ಮಾತ್ರ ಎರಡೂ ಕಡೆ ಕೇಳೂದು ಬಿಡ್ತಾರೆ" ಎಂದು ನಕ್ಕಳು.

ಆದರೆ ಕಣ್ಣು ಗೇಟಿನ ಕಡೆಗೇ ಇತ್ತು. ಆಯಿ ತನ್ನ ತಮ್ಮನ ಜೊತೆ ಘಟ್ಟದ ಮೇಲಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅಷ್ಟು ದೇಶದ ಜನ ನೋಡಿದರೂ ಮಗಳು ವೇದಿಕೆಯ ಮೇಲೆ ಹಾಡುವುದನ್ನು ಆಯಿ ಒಮ್ಮೆಯೂ ನೋಡಿರಲಿಲ್ಲ. ಆ ಕೇರಿಗೆ ನೆಟ್‌ವರ್ಕ್ ಬರುವುದಿಲ್ಲ, ಆದ್ದರಿಂದ ಮೊಬೈಲಿನಲ್ಲೂ ಇಲ್ಲ.

ನಾಲ್ಕೂ ಐವತ್ತಕ್ಕೆ ಅವಳಿಗೆ ಆ ಮಾವನ ಫೋನು ಬಂತು. ಅರಬೈಲು ಘಟ್ಟದಲ್ಲಿ ಲಾರಿ ಅಡ್ಡ ನಿಂತು ಬಸ್ಸು ಎರಡು ತಾಸು ಅಲುಗಿರಲಿಲ್ಲ. ಈಗಷ್ಟೇ ಅಂಕೋಲೆ ಮುಟ್ಟಿದ್ದರು. ಕಾರವಾರಕ್ಕೆ ಇನ್ನೂ ಮುಕ್ಕಾಲು ತಾಸು ಬೇಕು.

ಅವಳು ಫೋನು ಚೀಲಕ್ಕೆ ಹಾಕಿ ಎದ್ದಳು. "ಇರ್ಲಿ ಅಕ್ಕೋರೇ. ಟೈಮ್ ಅಂದ್ರೆ ಟೈಮು. ನೀವೇ ಕಲಿಸಿದ್ದಲಾ?"

ಚುಚ್ಚಿ ಹೇಳಿದ್ದರೆ ಸಹಿಸುತ್ತಿದ್ದೆ. ಅವಳು ನಿಜವಾಗಿಯೂ ಹಾಗೆಂದು ನಂಬಿದ್ದಳು.

"ಕೂತ್ಕೋ" ಎಂದೆ. ನೇರ ಹಿರಿಯರ ಬಳಿ ಹೋದೆ. "ನಿಮ್ಮ ಭಾಷಣ ಈಗ. ಬೇಕಾದಷ್ಟು ಹೊತ್ತು ಮಾತಾಡಿ. ಗಂಟೆ ಇಲ್ಲ."

"ಹುಷಾರಿದ್ದೀರಲ್ವಾ ಅಕ್ಕೋರೇ?" ಎಂದರು ಅವರು.

ಹಿರಿಯರು ಉತ್ಸಾಹದಿಂದ ಶುರು ಮಾಡಿದರು. ಬಂದರಿನ ಇತಿಹಾಸ, ಕಾಳಿ ನದಿ, ಮಹಿಳೆಯರ ಉನ್ನತಿ. ಎಂಟನೇ ನಿಮಿಷಕ್ಕೆ ಅಭ್ಯಾಸಬಲದಿಂದ ನನ್ನ ಕಡೆ ನೋಡಿದರು. ನಾನು ಕಡಲು ನೋಡಿದೆ. ಹತ್ತಾಯಿತು. ಹದಿನೈದಾಯಿತು. ಆಗ ನನಗೆ ಗೊತ್ತಾದದ್ದೇನೆಂದರೆ, ಇಷ್ಟು ವರ್ಷ ಗಂಟೆ ನುಂಗಿಹಾಕಿತೆಂದು ಅವರು ಗೊಣಗುತ್ತಿದ್ದ ಉಳಿದ ಭಾಷಣ ಇರಲೇ ಇಲ್ಲ. ನೀರು ಕುಡಿದರು. ಕರವಸ್ತ್ರ ತೆಗೆದರು. ಕೊನೆಗೆ ಕೈಯಲ್ಲಿ ಗಂಟೆ ಬಾರಿಸುವ ಸನ್ನೆ ಮಾಡಿ ನನ್ನನ್ನು ಬೇಡಿಕೊಂಡರು. ನಾನು ಮುಂದುವರಿಸಿ ಎಂದು ಕೈ ಬೀಸಿದೆ.

"ಅಕ್ಕೋರಿಗೆ ನಿದ್ದೆ ಬಂತಾ? ಹೊಡೀರೇ ಗಂಟೆ!" ಎಂದು ಹಿಂದಿನಿಂದ ಮೀನು ಮಾರುವ ಹೆಂಗಸೊಬ್ಬಳು ಕೂಗಿದಳು. ಜನ ನಕ್ಕರು. ಗಂಟೆಯ ಕಡೆ ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಸಭೆಯಲ್ಲಿ ನನಗೆ ಯಾರೂ ಹೀಗೆ ಅಂದವರಿರಲಿಲ್ಲ.

ದಿಕ್ಕು ತೋಚದೆ ಹಿರಿಯರು ತಮ್ಮ ಬಾಲ್ಯಕ್ಕೆ ಇಳಿದರು. ಕದ್ರಾದ ಕಡೆಯ ಅಜ್ಜಿ ಮನೆ, ಅಜ್ಜಿ ಮಾಡುತ್ತಿದ್ದ ಬಂಗಡೆ ಮೀನಿನ ಸಾರು. ಹುಣಸೆಹಣ್ಣು ಹಾಕಿ ಎಂದದ್ದೇ ತಡ, ಅದೇ ಹೆಂಗಸು ಎದ್ದು ನಿಂತಳು.

"ಬಂಗಡೆಗೆ ಹುಣಸೆಯಾ? ಹುಳಿಗೆ ಮುರುಗಲ ಸಿಪ್ಪೆ ಹಾಕುದು ಮಾರಾಯ್ರೆ! ನಿಮ್ಮ ಅಜ್ಜಿ ಎಲ್ಲಿಯವಳು?"

"ನಮ್ಮಲ್ಲಿ ಹುಣಸೆಯೇ" ಎಂದಳು ಮತ್ತೊಬ್ಬಳು.

"ಅದಕ್ಕೇ ನಿಮ್ಮನೆ ಸಾರು ಬೆಕ್ಕೂ ಮೂಸುದಿಲ್ಲ!"

ಪೆಂಡಾಲು ಎರಡು ಪಕ್ಷವಾಯಿತು. ಹಿರಿಯರು ನಡುವೆ ನಿಂತು ತೀರ್ಪು ಕೊಡಲು ಶುರು ಮಾಡಿದರು, ಮತ್ತು ನಾನು ಕೇಳಿದ ಅವರ ಭಾಷಣಗಳಲ್ಲಿ ಅದೇ ಉತ್ತಮವಾದದ್ದು. ನನ್ನ ಪಕ್ಕದ ಕುರ್ಚಿಯಲ್ಲಿ ಅವಳು ಹೊಟ್ಟೆ ಹಿಡಿದು ನಗುತ್ತಿದ್ದಾಗಲೇ ಫೋನು ಬಂತು.

"ಅರ್ಗಾ ದಾಟಿದ್ರಂತೆ" ಎಂದಳು. ಅರ್ಗಾದಿಂದ ಕಾರವಾರಕ್ಕೆ ಕಾಲು ತಾಸಿನ ದಾರಿ.

ಐದೂ ಐವತ್ತಕ್ಕೆ ಗೇಟಿನಲ್ಲಿ ಆಟೋ ನಿಂತಿತು. ನಾನೇ ಹೋಗಿ ಕೈ ಹಿಡಿದು ಆಯಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ಮಗಳು ಚಪ್ಪಲಿ ಬಿಟ್ಟು ವೇದಿಕೆ ಹತ್ತಿದಳು.

ಆ ಅರ್ಧ ತಾಸನ್ನು ವರ್ಣಿಸಲು ನನಗೆ ಬರುವುದಿಲ್ಲ. ಮೊಬೈಲಿನಲ್ಲಿ ಅವಳು ಅಂಗೈಯಷ್ಟಿರುತ್ತಾಳೆ. ಅಲ್ಲಿ ಅವಳ ದನಿ ಎದೆಯ ಗೂಡಿಗೇ ತಾಗಿತು. ಮೀನಿನ ಜಗಳದವರು ಎರಡೂ ಪಕ್ಷ ಎದ್ದು ಕುಣಿದರು. ಆಯಿ ಮಾತ್ರ ಮಡಿಲಲ್ಲಿ ಕೈಯಿಟ್ಟು, ಕಣ್ಣು ಮಿಟುಕಿಸದೆ, ಮಗಳ ಪಾದಗಳನ್ನೇ ನೋಡುತ್ತ ಕೂತಿದ್ದಳು.

ಮುಗಿದ ಮೇಲೆ ಮಗಳು ಇಳಿದು ಬಂದು ಆಯಿಯ ಮುಂದೆ ಮರಳಿನಲ್ಲೇ ಕುಕ್ಕರಿಸಿದಳು. ಕೇಳಿದವಳು ನಾನೇ. "ಹ್ಯಾಂಗಾಯ್ತು ಆಯೀ?"

"ಹಾಡೂದು ಚಲೋ ಹಾಡ್ತದೆ" ಎಂದಳು ಆಯಿ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ. "ಕುಣಿಯೂದು ಮಾತ್ರ ಕೆಡಿಸ್ಕೊಂಡದೆ. ಎರಡನೇ ಹೆಜ್ಜೆ ಹಾಂಗಲ್ಲ ಅದು."

"ಆಯೀ, ಅಲ್ಲಿ ಇದಕ್ಕೇ ಚಪ್ಪಾಳೆ ಹೊಡೀತಾರೆ!"

"ಅವ್ರಿಗೆ ಎಂತ ಗೊತ್ತು? ಏಳು."

ವಿಮಾನ ನಿಲ್ದಾಣಕ್ಕೆ ಒಯ್ಯಲು ಬಂದ ಕಾರಿನವನು ಹಾರ್ನ್ ಹಾಕಿದ. ಆಯಿ ಸೀರೆ ಎತ್ತಿ ಕಟ್ಟಿ, ಮರಳಿನ ಮೇಲೆ ಸೊಂಟ ತಗ್ಗಿಸಿ ಹೆಜ್ಜೆ ಹಾಕಿ ತೋರಿಸಿದಳು. ಯುರೋಪನ್ನು ಕುಣಿಸಿದವಳು ಹಿಂದೆ ನಿಂತು, ನಾಲಿಗೆ ಕಚ್ಚಿಕೊಂಡು, ಶಾಲೆಯ ಹುಡುಗಿಯ ಹಾಗೆ ಹಾಕಿದಳು. ತಪ್ಪಿತು. "ಮತ್ತೆ" ಎಂದಳು ಆಯಿ. ಕಾರಿನವನು ಇನ್ನೊಮ್ಮೆ ಹಾರ್ನ್ ಹಾಕಿದ. ಆ ಹೆಜ್ಜೆ ಸರಿಯಾಗುವವರೆಗೆ ಮಗಳು ಕಾರು ಹತ್ತಲಿಲ್ಲ.